ಗೇಮ್ ಡಿಸೈನ್ ಕೋರ್ಸಿಗೆ ಮೂವತ್ತು ದಾಟಿತು, ಜಗಳ ಇನ್ನೂ ಮುಗಿದಿಲ್ಲ

ವೀಡಿಯೊ ಗೇಮ್ ಡಿಸೈನ್ ಕಲಿಸುವ ಕಾಲೇಜುಗಳಿಗೆ ಇದು ವಾರ್ಷಿಕೋತ್ಸವಗಳ ಕಾಲ. ಕೆನಡಾದ ವ್ಯಾಂಕೂವರ್‌ನಲ್ಲಿ 1994ರಲ್ಲಿ ಶುರುವಾದ ಡಿಜಿಪೆನ್‌ನ ಮೊದಲ ತರಗತಿಗೆ ಮೂವತ್ತು ತುಂಬಿ ಆಯಿತು. ಸ್ಕಾಟ್ಲೆಂಡಿನ ಡಂಡೀ ಊರಿನ ಅಬರ್ಟೇ ವಿಶ್ವವಿದ್ಯಾಲಯ 1997ರಲ್ಲಿ ತಂದ ಪದವಿ ಬೆಳ್ಳಿಹಬ್ಬ ದಾಟಿದೆ. ಇಂಥ ಸಮಾರಂಭ ಅಂದಮೇಲೆ ಹಳೇ ವಿದ್ಯಾರ್ಥಿಗಳು ಮಾಡಿದ ದೊಡ್ಡ ದೊಡ್ಡ ಗೇಮ್‌ಗಳ ಪಟ್ಟಿ ಬಂದೇ ಬರುತ್ತದೆ. ಪಟ್ಟಿ ಸುಳ್ಳೇನಲ್ಲ.

ಆದರೆ ಸಮಾರಂಭದಿಂದ ಹೊರಗೆ ಬಂದರೆ ಬೇರೆಯೇ ಮಾತು ಕೇಳುತ್ತದೆ. ಡಿಗ್ರಿ ದಂಡ, ಯೂಟ್ಯೂಬ್ ನೋಡಿ ಕಲಿತರೆ ಸಾಕು ಅನ್ನುತ್ತಾರೆ ಒಬ್ಬರು. ಡಿಗ್ರಿ ಇಲ್ಲದಿದ್ದರೆ ಅರ್ಜಿಯನ್ನೇ ನೋಡಲ್ಲ ಅನ್ನುತ್ತಾರೆ ಇನ್ನೊಬ್ಬರು. ಕಾಲೇಜಿನಿಂದ ಬಂದವರಿಗೆ ಕೆಲಸ ಬರಲ್ಲ ಅಂತ ಕಂಪನಿಗಳು, ಕಂಪನಿಗಳಲ್ಲಿ ಕೆಲಸವೇ ಇಲ್ಲ ಅಂತ ಕಾಲೇಜುಗಳು. ಎಲ್ಲರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಅದಕ್ಕೇ ಈ ವಿಷಯ ಇಷ್ಟು ಗೋಜಲಾಗಿದೆ.

ಮೊದಲ ಎರಡು ದಶಕದಲ್ಲಿ ಗೇಮ್ ಮಾಡುವುದನ್ನು ಯಾರೂ ಯಾರಿಗೂ ಕಲಿಸಲಿಲ್ಲ. 1972ರಲ್ಲಿ ಬಂದ 'ಪಾಂಗ್' ಗೇಮ್ ಅಸಲಿಗೆ ಅಟಾರಿ ಕಂಪನಿಯಲ್ಲಿ ಹೊಸದಾಗಿ ಸೇರಿದ ಎಂಜಿನಿಯರ್ ಆಲನ್ ಆಲ್ಕಾರ್ನ್‌ಗೆ ಕೈ ಪಳಗಲಿ ಅಂತ ಕೊಟ್ಟ ಕೆಲಸ. ಅದೇ ದುಡ್ಡು ಮಾಡಿಬಿಟ್ಟಿತು! ಆಮೇಲಿನ ವರ್ಷಗಳಲ್ಲಿ ಒಬ್ಬರೇ ಕೂತು ಇಡೀ ಗೇಮ್ ಬರೆಯುತ್ತಿದ್ದರು. ಅವರ ಹೆಸರನ್ನು ಕೂಡ ಕಂಪನಿ ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ತನ್ನ 'ಅಡ್ವೆಂಚರ್' ಗೇಮ್‌ನ ಒಳಗೆ ಒಂದು ಗುಟ್ಟಿನ ಕೋಣೆ ಮಾಡಿ ಅಲ್ಲಿ ತನ್ನ ಹೆಸರು ಬಚ್ಚಿಟ್ಟದ್ದು ಇದಕ್ಕೇ. 1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆ ಕುಸಿಯಿತು, ಕಂಪನಿಗಳು ಮುಚ್ಚಿದವು. ಕಲಿತದ್ದೆಲ್ಲ ಕಲಿತವರ ತಲೆಯಲ್ಲೇ ಉಳಿಯಿತು. 1988ರಲ್ಲಿ ಕ್ರಿಸ್ ಕ್ರಾಫರ್ಡ್ ಎಂಬ ಡಿಸೈನರ್ ತನ್ನ ಮನೆಗೇ ಒಂದಷ್ಟು ಡಿಸೈನರ್‌ಗಳನ್ನು ಕರೆದು ಮಾತಿಗೆ ಕೂರಿಸಿದ. ಇವತ್ತಿನ ದೊಡ್ಡ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್ ಹುಟ್ಟಿದ್ದು ಆ ಕೂಟದಿಂದ. ಅಲ್ಲಿಯವರೆಗೆ ಎಷ್ಟೋ ಜನ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಅದೇ 1988ರಲ್ಲಿ ಕ್ಲೋಡ್ ಕೊಮೇರ್ ಎಂಬಾತ ವ್ಯಾಂಕೂವರ್‌ನಲ್ಲಿ ಡಿಜಿಪೆನ್ ಶುರು ಮಾಡಿದ. ಆಗ ಅದು ಕಂಪ್ಯೂಟರ್ ಸಿಮ್ಯುಲೇಷನ್ ಮತ್ತು ಅನಿಮೇಷನ್ ಮಾಡಿಕೊಡುವ ಕಂಪನಿ, ಶಾಲೆ ಅಲ್ಲ. ಕೆಲಸಕ್ಕೆ ತಕ್ಕ ಜನ ಸಿಗದಿದ್ದಾಗ ತಾವೇ ತಯಾರು ಮಾಡೋಣ ಅಂತ ತರಬೇತಿಗೆ ಇಳಿದರು. ಜಪಾನಿನ ಗೇಮ್ ಕಂಪನಿ ನಿಂಟೆಂಡೊದ ಅಮೆರಿಕ ಶಾಖೆ ಕೈಜೋಡಿಸಿತು. 1994ರಲ್ಲಿ ಎರಡು ವರ್ಷದ ಕೋರ್ಸ್ ಬಂತು. 1996ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯ ಡಿಗ್ರಿ ಕೊಡಲು ಒಪ್ಪಿಗೆ ಕೊಟ್ಟಿತು. 1998ರಲ್ಲಿ ಶಾಲೆ ಅದೇ ರಾಜ್ಯದಲ್ಲಿ ನಿಂಟೆಂಡೊ ಇರುವ ರೆಡ್ಮಂಡ್‌ಗೇ ಬಂದು ನೆಲೆಯಾಯಿತು. ದಿನವಿಡೀ ಗೇಮ್ ಆಡ್ಕೊಂಡಿರಬಹುದು ಅಂತ ಸೇರಿದವರಿಗೆ ಸಿಕ್ಕಿದ್ದು ಲೀನಿಯರ್ ಆಲ್ಜಿಬ್ರಾ, ಭೌತಶಾಸ್ತ್ರ, ಸಿ ಪ್ಲಸ್ ಪ್ಲಸ್. ಆ ಪದವಿಯ ಹೆಸರಲ್ಲಿ ಗೇಮ್ ಅನ್ನುವ ಮಾತೇ ಇರಲಿಲ್ಲ. 'ರಿಯಲ್-ಟೈಮ್ ಇಂಟರಾಕ್ಟಿವ್ ಸಿಮ್ಯುಲೇಷನ್' ಅಂತ ಇತ್ತು.

ಡಂಡೀಯ ಕಥೆ ಬೇರೆ. ಆ ಊರಿನ ಟೈಮೆಕ್ಸ್ ಕಾರ್ಖಾನೆಯಲ್ಲಿ ಸಿಂಕ್ಲೇರ್ ಸ್ಪೆಕ್ಟ್ರಮ್ ಕಂಪ್ಯೂಟರ್‌ಗಳು ತಯಾರಾಗುತ್ತಿದ್ದವು. ಅಲ್ಲಿನ ಮನೆಗಳಿಗೂ ಅವು ಬಂದವು, ಹುಡುಗರು ಪ್ರೋಗ್ರಾಂ ಬರೆಯುವುದು ಕಲಿತರು. ಅದೇ ಊರಿನಲ್ಲಿ ಹುಟ್ಟಿದ ಡಿಎಂಎ ಡಿಸೈನ್ ಕಂಪನಿ 1991ರಲ್ಲಿ 'ಲೆಮಿಂಗ್ಸ್' ಮಾಡಿತು, 1997ರಲ್ಲಿ ಮೊದಲ 'ಗ್ರ್ಯಾಂಡ್ ಥೆಫ್ಟ್ ಆಟೊ' ಮಾಡಿತು. 1993ರಲ್ಲಿ ಟೈಮೆಕ್ಸ್ ಕಾರ್ಖಾನೆ ಮುಚ್ಚಿತ್ತು. ಅಂಥ ಊರಲ್ಲಿ ಗೇಮ್ ಪದವಿ ಶುರುವಾದದ್ದರಲ್ಲಿ ಆಶ್ಚರ್ಯವಿಲ್ಲ.

ಅಂದರೆ ಈ ಕೋರ್ಸುಗಳ ಬೇರು ಕಂಪನಿಗಳ ಅಗತ್ಯದಲ್ಲೇ ಇತ್ತು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಈಗ ಕಾಲೇಜುಗಳು ಕಂಪನಿಗಳ ಬಾಗಿಲಾಗಿಬಿಟ್ಟಿವೆ, ಮೊದಲು ಹೀಗಿರಲಿಲ್ಲ ಅಂತ ಕೊರಗುವವರು ಜಾಸ್ತಿ. ಮೊದಲೂ ಹೀಗೇ ಇತ್ತು. ನಡುವೆ ಒಂದಷ್ಟು ವರ್ಷ ಮಾತ್ರ ಬೇರೆ ಗಾಳಿ ಬೀಸಿತು.

ಆ ಗಾಳಿ ಶುರುವಾದದ್ದು ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅನ್ನಬಹುದು. ಕಂಪ್ಯೂಟರ್ ವಿಜ್ಞಾನದ ರ‍್ಯಾಂಡಿ ಪಾಶ್ ಮತ್ತು ನಾಟಕ ವಿಭಾಗದ ಡಾನ್ ಮರಿನೆಲ್ಲಿ ಸೇರಿ ತೊಂಬತ್ತರ ದಶಕದ ಕೊನೆಗೆ ಅಲ್ಲಿ ಒಂದು ಕೇಂದ್ರ ಕಟ್ಟಿದರು. ವಿಜ್ಞಾನಿಗೂ ನಾಟಕದ ಮೇಷ್ಟ್ರಿಗೂ ಒಂದೇ ಕೋಣೆ! ಅಲ್ಲಿನ ಹೆಸರಾಂತ ತರಗತಿಯ ನಿಯಮ ಸರಳ. ಪ್ರೋಗ್ರಾಂ ಬರೆಯುವವರು, ಚಿತ್ರ ಬಿಡಿಸುವವರು, ಧ್ವನಿ ಕೆಲಸದವರು ಒಂದು ಸಣ್ಣ ಟೀಮ್. ಎರಡು ವಾರದಲ್ಲಿ ಒಂದು ಪುಟ್ಟ ವರ್ಚುವಲ್ ಲೋಕ ಮಾಡಿ ಎಲ್ಲರ ಮುಂದೆ ತೋರಿಸಬೇಕು. ಮುಗಿದ ಕೂಡಲೇ ಟೀಮ್ ಕಲಸಿ ಹೊಸಬರ ಜೊತೆ ಹಾಕುತ್ತಾರೆ. ಸಾಫ್ಟ್‌ವೇರ್ ಮನೆಯಲ್ಲೇ ಕಲಿಯಬಹುದು. ಗುರುತಿಲ್ಲದ ಮೂರ್ನಾಲ್ಕು ಜನರ ಜೊತೆ ಹದಿನೈದೇ ದಿನದಲ್ಲಿ ಜಗಳವಾಡಿ, ರಾಜಿಯಾಗಿ, ಒಂದನ್ನು ಮುಗಿಸುವುದನ್ನು ಯಾವ ವೀಡಿಯೊ ನೋಡಿ ಕಲಿಯುತ್ತೀರಿ?

ಇನ್ನೊಂದು ಕೊರತೆ ಇತ್ತು. ಗೇಮ್ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವುದರ ಆಚೆ ಮಾತಾಡಲು ಡಿಸೈನರ್‌ಗಳ ಬಳಿ ಪರಿಭಾಷೆ ಇರಲಿಲ್ಲ. 1999ರಲ್ಲಿ ಡಗ್ ಚರ್ಚ್ ಎಂಬ ಡಿಸೈನರ್ ಒಂದು ಲೇಖನದಲ್ಲಿ ಇದನ್ನೇ ಎತ್ತಿ ಆಡಿದ. 2004ರಲ್ಲಿ ರಾಬಿನ್ ಹುನಿಕೆ, ಮಾರ್ಕ್ ಲೆಬ್ಲಾಂಕ್, ರಾಬರ್ಟ್ ಜುಬೆಕ್ ಬರೆದ ಎಂಡಿಎ (ಮೆಕ್ಯಾನಿಕ್ಸ್, ಡೈನಾಮಿಕ್ಸ್, ಈಸ್ಥೆಟಿಕ್ಸ್) ಪ್ರಬಂಧ ತರಗತಿಗಳಿಗೆ ಒಂದು ಹಿಡಿ ಕೊಟ್ಟಿತು. ಅದರ ಸಾರ ಇಷ್ಟೇ. ಡಿಸೈನರ್ ಕೈಯಲ್ಲಿರುವುದು ನಿಯಮಗಳು. ಆಡುವಾಗ ಆ ನಿಯಮಗಳಿಂದ ಒಂದು ನಡವಳಿಕೆ ಹುಟ್ಟುತ್ತದೆ, ನಡವಳಿಕೆಯಿಂದ ಆಟಗಾರನಿಗೆ ಒಂದು ಭಾವನೆ. ಉದಾಹರಣೆಗೆ, ಗುಂಡುಗಳನ್ನು ಕಮ್ಮಿ ಕೊಡಿ. ಆಟಗಾರ ಓಡುವುದು ಬಿಟ್ಟು ಗೋಡೆ ಹಿಡಿದು ನಡೆಯುತ್ತಾನೆ, ಪ್ರತಿ ತಿರುವಿನಲ್ಲೂ ನಿಂತು ಇಣುಕುತ್ತಾನೆ. ಭಯ ತಾನಾಗೇ ಬರುತ್ತದೆ, ದೆವ್ವ ತೋರಿಸಬೇಕಾಗಿಲ್ಲ. ಡಿಸೈನರ್ ನಿಯಮದ ಕಡೆಯಿಂದ ನೋಡುತ್ತಾನೆ, ಆಟಗಾರ ಭಾವನೆಯ ಕಡೆಯಿಂದ. ಆ ತುದಿಯಿಂದ ನೋಡುವುದನ್ನು ಕಲಿಸುವುದೇ ಈ ಪಾಠದ ಗಟ್ಟಿ ಭಾಗ.

ಅದಕ್ಕೇ ಒಳ್ಳೆ ಕೋರ್ಸುಗಳು ಮೊದಲು ಕಂಪ್ಯೂಟರ್ ಮುಟ್ಟಲು ಬಿಡುವುದಿಲ್ಲ. ಕಾಗದ, ದಾಳ, ಕಾರ್ಡು ಇಟ್ಟುಕೊಂಡು ಆಟ ಕಟ್ಟಿಸುತ್ತವೆ. ಹಾವು ಏಣಿ ಆಟವನ್ನೇ ತೆಗೆದುಕೊಳ್ಳಿ. ಆಡುವವನು ತೀರ್ಮಾನ ಮಾಡುವ ಜಾಗ ಅದರಲ್ಲಿ ಒಂದೂ ಇಲ್ಲ, ಎಲ್ಲ ದಾಳದ ಪಾಲು. ಒಂದೇ ಒಂದು ನಿಯಮ ಬದಲಿಸಿ ಅಲ್ಲಿ ಆಯ್ಕೆ ತನ್ನಿ ಅಂದರೆ ಎರಡು ದಾಳ ಹಾಕಿ ಒಂದನ್ನು ಆರಿಸಿಕೊಳ್ಳಲಿ ಅನ್ನುವ ಉತ್ತರ ಬರುತ್ತದೆ. ಆಡಿ ನೋಡಿದರೆ ಹಾವು ಯಾರನ್ನೂ ಸರಿಯಾಗಿ ನುಂಗುವುದೇ ಇಲ್ಲ, ಆಟ ಸಪ್ಪೆ. ಮತ್ತೆ ತಿದ್ದಬೇಕು. ಆಮೇಲೆ ಪ್ಲೇಟೆಸ್ಟ್. ಗುರುತಿಲ್ಲದವರನ್ನು ಕೂರಿಸಿ ಆಡಿಸುವುದು, ಮಾಡಿದವರು ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನೋಡುವುದು. ಬಾಗಿಲು ಕಣ್ಣೆದುರೇ ಇದ್ದರೂ ಆಟಗಾರ ಗೋಡೆಗೆ ಹಣೆ ಹಚ್ಚಿ ತಿರುಗುತ್ತಿರುತ್ತಾನೆ. 'ಎಡಕ್ಕೆ ನೋಡು' ಅಂತ ಹೇಳಲು ನಾಲಗೆ ತುರಿಸುತ್ತದೆ. ಹೇಳುವ ಹಾಗಿಲ್ಲ. ಅವನು ದಡ್ಡ ಅಂತ ಮೊದಲ ಸಲ ಅನಿಸುತ್ತದೆ. ಮೂರನೆಯವನೂ ಅದೇ ಗೋಡೆಗೆ ಹೋದಾಗ ಬಾಗಿಲ ಹತ್ತಿರ ಒಂದು ದೀಪ ಇಡಬೇಕು ಅಂತ ಹೊಳೆಯುತ್ತದೆ.

ಇದೆಲ್ಲ ಫಲ ಕೊಟ್ಟದ್ದು 2005ರ ಸುಮಾರಿಗೆ. ಆ ವರ್ಷ ಡಿಜಿಪೆನ್‌ನ ಕೊನೆ ವರ್ಷದ ಒಂದು ಟೀಮ್ 'ನಾರ್ಬಾಕ್ಯುಲರ್ ಡ್ರಾಪ್' ಅನ್ನುವ ಗೇಮ್ ಮಾಡಿತು. ಸೆರೆಯಲ್ಲಿರುವ ರಾಜಕುಮಾರಿ, ಹೆಸರು ನೋ-ನೀಸ್. ಮೊಣಕಾಲಿಲ್ಲದವಳು ಅಂತ, ಯಾಕೆಂದರೆ ಅವಳಿಗೆ ಎಗರಲು ಬರುವುದಿಲ್ಲ. ಎಗರುವುದನ್ನು ಕಿತ್ತುಕೊಂಡರೆ ಗೇಮ್‌ನಲ್ಲಿ ಉಳಿಯುವುದೇನು? ಉಳಿದದ್ದು ಎರಡು ಮಾಯದ ಬಾಗಿಲು. ಒಂದನ್ನು ಈ ಗೋಡೆಗೆ, ಇನ್ನೊಂದನ್ನು ಆ ಗೋಡೆಗೆ ಹಚ್ಚಿದರೆ ಇಲ್ಲಿ ಹೊಕ್ಕು ಅಲ್ಲಿ ಹೊರಬರಬಹುದು. ಚಿತ್ರಗಳು ಸಾಧಾರಣ, ಆಟ ಪುಟ್ಟದು. ಶಾಲೆಯ ಉದ್ಯೋಗ ಮೇಳದಲ್ಲಿ ವಾಲ್ವ್ ಕಂಪನಿಯ ರಾಬಿನ್ ವಾಕರ್ ಅದನ್ನು ನೋಡಿ ಕಚೇರಿಗೆ ಕರೆಸಿದ. ಅಲ್ಲಿ ತೋರಿಸಿದ ಮೇಲೆ ಇಡೀ ಟೀಮ್‌ಗೆ ಕೆಲಸ ಸಿಕ್ಕಿತು. 2007ರಲ್ಲಿ ಅದೇ ಯೋಚನೆ 'ಪೋರ್ಟಲ್' ಆಗಿ ಬಂತು. ಮತ್ತೊಂದು ತಂಡದ ಬಣ್ಣ ಎರಚುವ ಗೇಮ್ ಹೀಗೇ 2011ರ 'ಪೋರ್ಟಲ್ 2'ರೊಳಗೆ ಸೇರಿತು.

ಅಮೆರಿಕದ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ (ಯುಎಸ್‌ಸಿ) ನಡೆದದ್ದು ಇನ್ನೂ ವಿಚಿತ್ರ. ಅಲ್ಲಿ ಗೇಮ್ ವಿಭಾಗ ಇದ್ದದ್ದು ಸಿನಿಮಾ ಶಾಲೆಯಲ್ಲಿ. 2005ರಲ್ಲಿ ವಿಶ್ವವಿದ್ಯಾಲಯ ಕೊಟ್ಟ 20,000 ಡಾಲರ್‌ನಲ್ಲಿ ವಿದ್ಯಾರ್ಥಿಗಳು 'ಕ್ಲೌಡ್' ಮಾಡಿದರು. ಆಸ್ಪತ್ರೆಯಲ್ಲಿ ಮಲಗಿರುವ ಹುಡುಗ ಕನಸಿನಲ್ಲಿ ಹಾರಿ ಮೋಡಗಳನ್ನು ಕೂಡಿಸುತ್ತಾನೆ, ಅಷ್ಟೇ. ಹೊಡೆದಾಟ ಇಲ್ಲ, ಅಂಕ ಎಣಿಸುವ ಗೋಜಿಲ್ಲ. ಇದನ್ನು ಯಾವ ಕಂಪನಿಯ ಮೀಟಿಂಗ್‌ನಲ್ಲಿ ಹೇಳಿದ್ದರೂ ಐದು ನಿಮಿಷಕ್ಕೆ ಎಬ್ಬಿಸಿ ಕಳಿಸುತ್ತಿದ್ದರು. ಜನ ಮುಗಿಬಿದ್ದು ಡೌನ್‌ಲೋಡ್ ಮಾಡಿ ಸರ್ವರ್ ಕುಸಿಯಿತು. ಅದನ್ನು ಮಾಡಿದ ಜೆನೋವಾ ಚೆನ್ ಮತ್ತು ಕೆಲ್ಲಿ ಸ್ಯಾಂಟಿಯಾಗೊ 2006ರಲ್ಲಿ ಕಂಪನಿ ಕಟ್ಟಿದರು. ಚೆನ್‌ನ ಪ್ರಬಂಧಕ್ಕೆ ಮಾಡಿದ 'ಫ್ಲೋ' ಪ್ಲೇಸ್ಟೇಷನ್‌ಗೆ ಬಂತು. ಸೋನಿ ಜೊತೆ ಮೂರು ಗೇಮ್‌ಗಳ ಒಪ್ಪಂದವಾಯಿತು. ಮೂರನೆಯದೇ 2012ರ 'ಜರ್ನಿ'. ಸಂಗೀತಕ್ಕೆ ಗ್ರ್ಯಾಮಿ ನಾಮನಿರ್ದೇಶನ ಸಿಕ್ಕಿತು. ಆದರೆ ಅದನ್ನು ಮುಗಿಸುವ ಹೊತ್ತಿಗೆ ಕಂಪನಿಯ ಗಲ್ಲಾಪೆಟ್ಟಿಗೆ ಖಾಲಿ. ಈ ಕೊನೆ ಸಾಲು ಕಾಲೇಜಿನ ಕೈಪಿಡಿಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಅದೇ ಶಾಲೆಯಲ್ಲಿ ಅಲೆಕ್ಸ್ ಬೀಚಮ್ ಸ್ನಾತಕೋತ್ತರ ಪ್ರಬಂಧಕ್ಕೆಂದು ಶುರು ಮಾಡಿದ 'ಔಟರ್ ವೈಲ್ಡ್ಸ್' 2015ರಲ್ಲಿ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ದೊಡ್ಡ ಬಹುಮಾನ ಪಡೆಯಿತು. ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ಮಾರನೇ ವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯಲ್ಲಿ ಅತ್ಯುತ್ತಮ ಗೇಮ್ ಆಯಿತು. ವಿದ್ಯಾರ್ಥಿಯ ಪ್ರಾಜೆಕ್ಟು ಅಂಗಡಿ ತಲುಪಲು ಐದಾರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಇಂಥ ಯಶಸ್ಸು ಕಂಡ ಮೇಲೆ ಉಳಿದವರು ಸುಮ್ನೆ ಇರುತ್ತಾರಾ? ಗೇಮ್ ಕಟ್ಟಲು ಬಳಸುವ ಸಾಫ್ಟ್‌ವೇರ್‌ಗೆ ಎಂಜಿನ್ ಅನ್ನುತ್ತಾರೆ. 2009ರಲ್ಲಿ ಯೂನಿಟಿ ಎಂಜಿನ್‌ನ ಉಚಿತ ಆವೃತ್ತಿ ಬಂತು, 2015ರಲ್ಲಿ ಅನ್‌ರಿಯಲ್ 4 ಎಂಜಿನ್ ಕೂಡ ಮುಂಗಡ ದುಡ್ಡಿಲ್ಲದೆ ಸಿಗತೊಡಗಿತು. ಲ್ಯಾಬ್ ಕಟ್ಟುವ ಖರ್ಚು ಇಳಿಯಿತು. 2010ರಿಂದ ಪ್ರಿನ್ಸ್‌ಟನ್ ರಿವ್ಯೂ ಎಂಬ ಅಮೆರಿಕದ ಸಂಸ್ಥೆ ಗೇಮ್ ಡಿಸೈನ್ ಕಾಲೇಜುಗಳಿಗೆ ರ‍್ಯಾಂಕ್ ಕೊಡಲು ಶುರು ಮಾಡಿತು. ರ‍್ಯಾಂಕ್ ಬಂದಮೇಲೆ ಪೈಪೋಟಿ, ಪೈಪೋಟಿ ಬಂದಮೇಲೆ ಜಾಹೀರಾತು. ಜಾಹೀರಾತಿನಲ್ಲಿ 'ಪೋರ್ಟಲ್' ಇರುತ್ತದೆ, 'ಜರ್ನಿ' ಇರುತ್ತದೆ. ಮೇಳದಲ್ಲಿ ಅವುಗಳ ಪಕ್ಕದ ಮೇಜಿನ ಮೇಲಿದ್ದ ಗೇಮ್‌ಗಳು ಇರುವುದಿಲ್ಲ.

ಸೀಟು ಹೆಚ್ಚಿದಾಗ ಮೊದಲು ಸೊರಗಿದ್ದು ಅದೇ ಟೀಮ್ ಕೋಣೆ. ಹದಿನೈದು ಜನರ ತರಗತಿಯಲ್ಲಿ ಮೇಷ್ಟ್ರು ಪ್ರತಿ ಗೇಮ್ ಆಡಿ ನೋಡಬಹುದು. ನೂರೈವತ್ತು ಜನರಿದ್ದರೆ ಆಗಲ್ಲ. ಹಾಗಾಗಿ ಎಣಿಸಲು ಸುಲಭವಾದದ್ದು ಪಾಠವಾಗುತ್ತದೆ: ಈ ಸಾಫ್ಟ್‌ವೇರ್‌ನ ಈ ಬಟನ್, ಈ ಮೆನು. ಇದು ಯಾರೋ ಬೇಕಂತ ಮಾಡಿದ್ದಲ್ಲ. ಆಡಳಿತಕ್ಕೆ ಫೀಸ್ ಬೇಕು, ಮನೆಯವರಿಗೆ ಉದ್ಯೋಗದ ಭರವಸೆ ಬೇಕು, ಕಂಪನಿಗೆ ಬಂದ ದಿನವೇ ಕೆಲಸ ಮಾಡುವವರು ಬೇಕು. ಎಲ್ಲರ ಬೇಡಿಕೆಯೂ ಬೇರೆ ಬೇರೆಯಾಗಿ ನೋಡಿದರೆ ನ್ಯಾಯವಾದದ್ದೇ.

ಬಟನ್ ಕಲಿತರೆ ಏನಾಗುತ್ತದೆ ಅನ್ನುವುದು 2023ರ ಸೆಪ್ಟೆಂಬರ್‌ನಲ್ಲಿ ಕಂಡಿತು. ಯೂನಿಟಿ, ಗೇಮ್ ಪ್ರತಿ ಸಲ ಇನ್‌ಸ್ಟಾಲ್ ಆದಾಗಲೂ ಶುಲ್ಕ ಅಂತ ಘೋಷಿಸಿತು. ಗಳಿಕೆ ಮತ್ತು ಇನ್‌ಸ್ಟಾಲ್ ಎರಡರಲ್ಲೂ ಒಂದು ಮಿತಿ ದಾಟಿದ ಗೇಮ್‌ಗಳಿಗೆ ಮಾತ್ರ ಅಂದರೂ ಗದ್ದಲವಾಯಿತು. ಎಷ್ಟೋ ಡೆವಲಪರ್‌ಗಳು ಗೊಡೋ ಎಂಬ ಮುಕ್ತ ಎಂಜಿನ್ ಕಡೆ ನೋಡಿದರು. ವರ್ಷದ ಬಳಿಕ ಯೂನಿಟಿ ಆ ಶುಲ್ಕ ಕೈಬಿಟ್ಟಿತು. ಕಾಗದದ ಮೇಲೆ ಆಟ ಕಟ್ಟಲು ಕಲಿತವರಿಗೆ ಎಂಜಿನ್ ಬದಲಾಯಿಸುವುದು ಒಂದೆರಡು ತಿಂಗಳ ತಲೆನೋವು. ಮೆನು ಮಾತ್ರ ಕಲಿತವರಿಗೆ ಮತ್ತೆ ಮೊದಲಿನಿಂದ.

ಕೆಲಸದ ಜಾಗದ ಕಥೆಯೂ ಹಳೆಯದೇ. 2004ರಲ್ಲೇ ಒಂದು ದೊಡ್ಡ ಕಂಪನಿಯ ಉದ್ಯೋಗಿಯೊಬ್ಬರ ಕಡೆಯವರು ಹೆಸರು ಹಾಕದೆ ಬರೆದ ಪತ್ರ, ವಾರವಿಡೀ ಹಗಲು ರಾತ್ರಿ ದುಡಿಸುವ ರೀತಿಯನ್ನು ಬಯಲಿಗೆ ತಂದಿತ್ತು. ಕೋರ್ಟಿಗೆ ಹೋದ ದಾವೆಗಳು ರಾಜಿಯಾಗಿ ಕೋಟ್ಯಂತರ ಡಾಲರ್ ಓವರ್‌ಟೈಮ್ ಪರಿಹಾರವೂ ಸಿಕ್ಕಿತು. ಕಾಲೇಜು ಲ್ಯಾಬ್‌ಗಳಲ್ಲಿ ರಾತ್ರಿಯಿಡೀ ಕೂರುವುದನ್ನು ಮಾತ್ರ ಹೆಮ್ಮೆ ಅಂತಲೇ ಹೇಳಿಕೊಂಡು ಬಂದರು. ಅಭ್ಯಾಸ ಅಲ್ಲೇ ಶುರುವಾಗುತ್ತದೆ, ಅಲ್ವಾ?

ಕೋವಿಡ್ ಹೊತ್ತಿನಲ್ಲಿ ಗೇಮ್ ಕಂಪನಿಗಳು ಜನರನ್ನು ತುಂಬಿಕೊಂಡವು, ಆಮೇಲೆ ಇಳಿಸಿದವು. 2023ರಲ್ಲಿ ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು ಅನ್ನುವುದು ಅಂದಾಜು. 2024ರಲ್ಲೂ ಅದು ನಿಲ್ಲಲಿಲ್ಲ. ಎಂಟು ಹತ್ತು ವರ್ಷ ಅನುಭವ ಇರುವವರೇ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಾಗ ಹೊಸಬರ ಸರದಿ ಹಿಂದಕ್ಕೆ ಹೋಗುತ್ತದೆ. ಮೊದಲು ಹೊಸಬರಿಗೇ ಬರುತ್ತಿದ್ದ ಸಣ್ಣ ಕೆಲಸಗಳಲ್ಲಿ ಕೆಲವನ್ನು ಈಗ ಎಐಗೆ ಒಪ್ಪಿಸಿ ನೋಡುತ್ತಿದ್ದಾರೆ.

ಹೀಗಾಗಿ ಡಿಗ್ರಿ ಬೇಕೋ ಬೇಡವೋ ಅನ್ನುವ ಜಗಳದಲ್ಲಿ ಎರಡು ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಅಲ್ಲಿ ಚೆನ್ನಾಗಿ ಕಲಿಸುತ್ತಾರಾ ಅನ್ನುವುದು ಒಂದು. ಕಲಿತವರಿಗೆ ಹೊರಗೆ ಜಾಗ ಇದೆಯಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಕಾಲೇಜು ಉತ್ತರ ಕೊಡಲಾರದು. ಮೊದಲನೆಯದನ್ನು ಸೇರುವ ಮುಂಚೆ ಪತ್ತೆ ಮಾಡುವುದು ಕಷ್ಟವೇನಲ್ಲ. ಕೋರ್ಸ್ ಮುಗಿಯುವಷ್ಟರಲ್ಲಿ ಎಷ್ಟು ಗೇಮ್ ಪೂರ್ತಿ ಮುಗಿಸುತ್ತೇವೆ, ಎಷ್ಟು ಬೇರೆ ಬೇರೆ ಟೀಮ್‌ಗಳಲ್ಲಿ, ಅವನ್ನು ಗುರುತಿಲ್ಲದವರು ಆಡಿ ನೋಡುತ್ತಾರಾ, ಹಾಳಾದ ಗೇಮ್‌ಗೂ ಅಂಕ ಸಿಗುತ್ತದಾ ಅಂತ ಈಗ ಓದುತ್ತಿರುವವರನ್ನು ಕೇಳಿದರಾಯಿತು. ಗೋಡೆಯ ಮೇಲೆ ಹಾಕಿರುವ ಹಳೇ ಪೋಸ್ಟರ್‌ಗಿಂತ ಅವರ ಉತ್ತರದಲ್ಲಿ ಮಾಹಿತಿ ಜಾಸ್ತಿ ಇರುತ್ತದೆ.