ಹೊಳೆ ಒಯ್ಯುವುದು ನೀರನ್ನಷ್ಟೇ ಅಲ್ಲ

ಹರಿಹರದ ಸೇತುವೆ ಕೆಳಗೆ ಬೇಸಿಗೆಯಲ್ಲಿ ಕಾಣುವ ಮರಳು ಹರಿಹರದಲ್ಲಿ ಹುಟ್ಟಿದ್ದಲ್ಲ. ಅದರಲ್ಲಿ ಮಲೆನಾಡಿನ ಕಲ್ಲಿದೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ತುಂಗೆ, ಭದ್ರೆ ಇಬ್ಬರೂ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಒಂದಾಗಿ ತುಂಗಭದ್ರೆ ಅನ್ನಿಸಿಕೊಂಡು, ಹೊನ್ನಾಳಿ ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ದೊಡ್ಡ ಗುಂಡುಗಳು ಹಿಂದೆಯೇ ಉಳಿದು, ಒಡೆದು ಸವೆದದ್ದು ಮಾತ್ರ ಮುಂದೆ ಬಂದಿರುತ್ತದೆ.

ಇದೆಲ್ಲ ಇಳಿಜಾರಿನ ಲೆಕ್ಕ. ಘಟ್ಟದಲ್ಲಿ ನೀರಿಗೆ ರಭಸ ಜಾಸ್ತಿ, ಅದು ತಳವನ್ನೇ ಕೊರೆಯುತ್ತದೆ. ಬಯಲಿಗೆ ಬಂದ ಮೇಲೆ ಹೊಳೆ ಅಗಲವಾಗುತ್ತದೆ. ರಭಸ ತಗ್ಗಿದ ಹಾಗೆ ಮೊದಲು ಭಾರದ್ದು ಇಳಿಯುತ್ತದೆ, ಆಮೇಲೆ ಮರಳು, ಕೊನೆಗೆ ನುಣ್ಣನೆ ಮೆಕ್ಕಲು. ತಿರುವಿನಲ್ಲಿ ನಿಂತು ನೋಡಿ. ಹೊರದಂಡೆಗೆ ನೀರು ಗುದ್ದಿ ಅಲ್ಲಿನ ಹೊಲ ಕುಸಿಯುತ್ತದೆ, ಒಳದಂಡೆಯಲ್ಲಿ ಮರಳು ಕೂರುತ್ತದೆ. ಹೊರದಂಡೆಯಲ್ಲಿ ಹೊಲ ಇದ್ದವರು ದಡದ ಮರ, ಪೊದೆ ಕಡಿಯಲೇಬಾರದು.

ಮರಳಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಂತರ್ಜಲದ ಕೆಲಸ ಮಾಡುವ ನನಗೆ ಹೊಳೆಯಲ್ಲಿ ಎಲ್ಲಕ್ಕಿಂತ ಬೆಲೆಯದ್ದು ಅದೇ. ಮರಳಿನ ಕಾಳುಗಳ ನಡುವೆ ಸಾಮಾನ್ಯವಾಗಿ ಕಾಲು ಭಾಗಕ್ಕೂ ಜಾಸ್ತಿ ಖಾಲಿ ಜಾಗ ಇರುತ್ತದೆ. ಮಳೆಗಾಲದಲ್ಲಿ ಅಲ್ಲಿ ನೀರು ತುಂಬಿಕೊಳ್ಳುತ್ತದೆ, ಮೇಲಿನ ಹರಿವು ನಿಂತ ಮೇಲೂ ಒಳಗೆ ಉಳಿದು ದಡದ ಬಾವಿಗಳಿಗೆ ನಿಧಾನಕ್ಕೆ ಇಳಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ವೇದಾವತಿಯಲ್ಲಿ ಇದು ಇನ್ನೂ ಮುಖ್ಯ. ಬಾಬಾಬುಡನ್‌ಗಿರಿ ಕಡೆಯಿಂದ ಬರುವ ಈ ಹೊಳೆಗೆ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಮೇಲಿನ ಮರಳು ಅಣೆಕಟ್ಟಿನ ಹಿಂದೆಯೇ ನಿಂತಿತು. ಕೆಳಗಿನ ಹೊಳೆಗೆ ಪಕ್ಕದ ಹಳ್ಳಗಳು ತರುವ ಮರಳೇ ಗತಿ. ಹಾಗಿರುವಾಗ ಅಲ್ಲಿಂದ ಲೋಡುಗಟ್ಟಲೆ ತೆಗೆದರೆ ಮತ್ತೆ ತುಂಬುವುದು ಯಾವಾಗ? ಮರಳು ಹೋದ ಎಷ್ಟೋ ಕಡೆ ಉಳಿಯುವುದು ಗಟ್ಟಿ ಬಂಡೆ, ಅದರ ಬಿರುಕಲ್ಲಿ ಮಾತ್ರ ನೀರು. ಮೊದಲು ಬಾವಿ ಬತ್ತುತ್ತದೆ, ಆಮೇಲೆ ಬೋರು.

ತುಂಗಭದ್ರೆಗೆ ಹೊಸಪೇಟೆಯಲ್ಲಿ ಇಂಥದ್ದೇ ತಡೆ. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ಹಿಡಿಯುವುದು ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ. ಅದರಲ್ಲಿ ನಮ್ಮ ಹೊಲಗಳ ಮೇಲ್ಮಣ್ಣೂ ಇದೆ, ಅದಕ್ಕೇ ನನಗೆ ಹೊಟ್ಟೆ ಉರಿಯುತ್ತದೆ. ಮುಂದೆ ವೇದಾವತಿ ಹಗರಿ ಅನ್ನಿಸಿಕೊಂಡು ಬಂದು ಸೇರುತ್ತಾಳೆ. ಕರ್ನೂಲಿನ ಆಚೆ ಸಂಗಮೇಶ್ವರದಲ್ಲಿ ಕೃಷ್ಣೆ ಸಿಗುತ್ತಾಳೆ. ಆಮೇಲೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಬ್ಯಾರೇಜು. ದಾರಿಯುದ್ದಕ್ಕೂ ಮಣ್ಣು ನಿಲ್ಲುತ್ತಾ ಹೋಗುತ್ತದೆ. ಕೃಷ್ಣೆ ಸಾವಿರಾರು ವರ್ಷ ಮಣ್ಣು ತಂದು ಹಾಕಿ ಬಂಗಾಳ ಕೊಲ್ಲಿಯ ಅಂಚಿನಲ್ಲಿ ಕಟ್ಟಿದ ನೆಲವನ್ನು, ಹೊಸ ಮಣ್ಣು ಸಾಕಷ್ಟು ಬಾರದ ಕಾರಣ, ಈಗ ಕೆಲವು ಕಡೆ ಸಮುದ್ರವೇ ತಿನ್ನುತ್ತಿದೆ.

ನಮ್ಮ ಕೈಯಲ್ಲಿ ಇರುವಷ್ಟು ಮಾಡೋಣ, ಅಲ್ವಾ? ಹೊಲದ ಬದು ಗಟ್ಟಿ ಇಡಿ, ಇಳಿಜಾರಿಗೆ ಅಡ್ಡ ಉಳುಮೆ ಮಾಡಿ. ಕೆರೆ ಬತ್ತಿದಾಗ ಅಲ್ಲಿನ ಹೂಳನ್ನು ಹೊಲಕ್ಕೆ ಹೊಡೆಸಿ. ಊರಿನ ಹೊಳೆಯಲ್ಲಿ ಮರಳು ತೆಗೆಯಲು ಗುತ್ತಿಗೆ ಬಂದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ: ಎಷ್ಟು ಆಳ ತೆಗೆಯುತ್ತೀರಿ, ಕುಡಿಯುವ ನೀರಿನ ಜಾಕ್‌ವೆಲ್‌ನಿಂದ (ಹೊಳೆ ನೀರನ್ನು ಪಂಪಿನಿಂದ ಎತ್ತುವ ಬಾವಿ) ಎಷ್ಟು ದೂರದಲ್ಲಿ?