ಐವತ್ತು ಆನೆಗಳ ತೂಕ: ದೇಬಬ್ರತ ಬಸು ಎತ್ತಿದ ಪ್ರಶ್ನೆ

ಒಬ್ಬ ಸರ್ಕಸ್ ಮಾಲೀಕನ ಬಳಿ 50 ಆನೆಗಳಿವೆ. ಅವನ್ನು ಬೇರೆಡೆಗೆ ಸಾಗಿಸಬೇಕು, ಅದಕ್ಕೆ ಒಟ್ಟು ತೂಕದ ಅಂದಾಜು ಬೇಕು. ಆನೆ ತೂಗುವುದೆಂದರೆ ಎಂಥ ಕೆಲಸ ಎಂಬುದು, ದಸರೆಗೆ ಬಂದ ಆನೆಗಳನ್ನು ಮೈಸೂರಿನ ವೇಬ್ರಿಡ್ಜ್ ಮೇಲೆ ಒಂದೊಂದಾಗಿ ನಿಲ್ಲಿಸುವುದನ್ನು ಕಂಡವರಿಗೆ ಗೊತ್ತು. ಹಾಗಾಗಿ ಒಂದೇ ಆನೆ ತೂಗಿ ಮುಗಿಸೋಣ ಎಂದು ಮಾಲೀಕ ಯೋಚಿಸುತ್ತಾನೆ. ಮೂರು ವರ್ಷದ ಹಿಂದಿನ ಪಟ್ಟಿ ತೆಗೆದು ನೋಡಿದರೆ, ಸಾಂಬೋ ಎಂಬ ಆನೆಯ ತೂಕ ಆಗ ಸರಿಸುಮಾರು ಸರಾಸರಿಯಷ್ಟೇ ಇತ್ತು. ಆನೆ ಪಳಗಿಸುವವನನ್ನು ಕೇಳಿದರೆ ಈಗಲೂ ಹಾಗೇ ಇದೆ ಎನ್ನುತ್ತಾನೆ. ಸಾಂಬೋನನ್ನು ತೂಗಿ 50ರಿಂದ ಗುಣಿಸಿದರೆ ಆಯಿತಲ್ಲ!

ಸರ್ಕಸ್ಸಿನ ಸಂಖ್ಯಾಶಾಸ್ತ್ರಜ್ಞ ಒಪ್ಪುವುದಿಲ್ಲ. ಬೇಕಾದ ಆನೆಯನ್ನು ಕೈಯಾರೆ ಆರಿಸಿದರೆ ಅಂದಾಜು ಪಕ್ಷಪಾತರಹಿತ ಆಗುವುದಿಲ್ಲ, ಚೀಟಿ ಎತ್ತಲೇಬೇಕು ಎನ್ನುತ್ತಾನೆ. ಕೊನೆಗೆ ರಾಜಿಯಾಗುತ್ತದೆ: ಸಾಂಬೋ ಸಿಗುವ ಸಂಭವ 100ಕ್ಕೆ 99, ಉಳಿದ 49 ಆನೆಗಳಲ್ಲಿ ಪ್ರತಿಯೊಂದಕ್ಕೂ 4900ಕ್ಕೆ 1. ಚೀಟಿ ಎತ್ತಿದಾಗ ನಿರೀಕ್ಷೆಯಂತೆ ಸಾಂಬೋನೇ ಬರುತ್ತಾನೆ. ಮಾಲೀಕ ಖುಷಿಯಿಂದ 50ರಿಂದ ಗುಣಿಸಲು ಹೊರಟರೆ ಸಂಖ್ಯಾಶಾಸ್ತ್ರಜ್ಞ ಮತ್ತೆ ತಡೆಯುತ್ತಾನೆ. ಶಾಸ್ತ್ರದ ಪ್ರಕಾರ ಸಾಂಬೋನ ತೂಕವನ್ನು 100/99ರಿಂದ ಗುಣಿಸಬೇಕು. ಅಂದರೆ ಸಾಂಬೋ 4000 ಕೆಜಿ ಇದ್ದರೆ, 50 ಆನೆಗಳ ಒಟ್ಟು ತೂಕ ಸುಮಾರು 4040 ಕೆಜಿ! ಹಾಗಾದರೆ ದೈತ್ಯ ಜಂಬೋ ಸಿಕ್ಕಿದ್ದರೆ? ಅದರ ತೂಕವನ್ನು 4900ರಿಂದ ಗುಣಿಸಬೇಕಿತ್ತು. ಜಂಬೋ 5000 ಕೆಜಿ ಎಂದಿಟ್ಟುಕೊಳ್ಳಿ, ಉತ್ತರ 2.45 ಕೋಟಿ ಕೆಜಿ. ಸಂಖ್ಯಾಶಾಸ್ತ್ರಜ್ಞ ಕೆಲಸ ಕಳೆದುಕೊಳ್ಳುತ್ತಾನೆ.

ಕೆಜಿ ಲೆಕ್ಕ ನಾನು ಹಾಕಿಕೊಂಡದ್ದು, ಕಥೆ ಸಂಖ್ಯಾಶಾಸ್ತ್ರಜ್ಞ ದೇಬಬ್ರತ ಬಸು ಅವರದು. 1970ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ವಿಚಾರಸಂಕಿರಣಕ್ಕೆ ಬರೆದ ಪ್ರಬಂಧದ ಮಧ್ಯೆ ಅದು ಬರುತ್ತದೆ, ಅಚ್ಚಾದದ್ದು 1971ರಲ್ಲಿ. ತರಗತಿಗಳಲ್ಲಿ ಇದನ್ನು ನಗೆಹನಿಯಂತೆ ಹೇಳಿ ಮುಗಿಸುತ್ತಾರೆ. ಅದು ನನಗೆ ಬೇಸರದ ಸಂಗತಿ. ಆ ಅರ್ಧ ಪುಟದ ಹಿಂದೆ ಇಪ್ಪತ್ತು ವರ್ಷಗಳ ತೊಳಲಾಟವಿದೆ.

ಮೊದಲು ಆ 100/99 ಎಲ್ಲಿಂದ ಬಂತು ನೋಡೋಣ. 1934ರಲ್ಲಿ ಸಂಖ್ಯಾಶಾಸ್ತ್ರಜ್ಞ ಯೆರ್ಜಿ ನೈಮನ್ ಬರೆದ ಪ್ರಬಂಧವೊಂದು ಮಾದರಿ ಸಮೀಕ್ಷೆಯ, ಅಂದರೆ ಕೆಲವರನ್ನಷ್ಟೇ ವಿಚಾರಿಸಿ ಎಲ್ಲರ ಬಗ್ಗೆ ಅಂದಾಜು ಮಾಡುವ ವಿಧಾನದ, ದಾರಿಯನ್ನೇ ತಿರುಗಿಸಿತು. ಪರಿಣತರು ಆಯ್ದ 'ಪ್ರಾತಿನಿಧಿಕ' ಊರುಗಳನ್ನು ನಂಬಬೇಡಿ, ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿ, ಆರಿಸಿ. ಆಗ ತಪ್ಪು ಎಷ್ಟಿರಬಹುದೆಂದು ಲೆಕ್ಕ ಹಾಕಬಹುದು ಎಂಬುದು ಅದರ ಸಾರ. 1952ರಲ್ಲಿ ಹಾರ್ವಿಟ್ಸ್ ಮತ್ತು ಥಾಂಪ್ಸನ್ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಹತ್ತಕ್ಕೆ ಒಂದರ ಸಂಭವವಿದ್ದ ಮನೆ ಮಾದರಿಯಲ್ಲಿ ಬಂದರೆ ಅದು ಹತ್ತು ಮನೆಗಳ ಪರವಾಗಿ ನಿಂತಿದೆ ಎಂದು ಎಣಿಸಿ, ಹತ್ತರಿಂದ ಗುಣಿಸಿ. ಎಲ್ಲ ಚೀಟಿಗಳ ಸಾಧ್ಯತೆಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಈ ಸೂತ್ರ ಎಂದೂ ತಪ್ಪುವುದಿಲ್ಲ. 'ಪಕ್ಷಪಾತರಹಿತ' ಎಂದರೆ ಇದೇ. ಸರ್ಕಸ್ಸಿನಲ್ಲೂ ತಪ್ಪಿಲ್ಲ. 99 ಸಲ ತೀರಾ ಕಡಿಮೆ, ಒಂದು ಸಲ ಸಿಕ್ಕಾಪಟ್ಟೆ ಹೆಚ್ಚು, ಸರಾಸರಿ ಮಾತ್ರ ಸರಿ. ಆದರೆ ಮಾಲೀಕ ಚೀಟಿ ಎತ್ತುವುದು ಒಂದೇ ಸಲ.

ಬಸು ಹುಟ್ಟಿದ್ದು 1924ರಲ್ಲಿ, ಢಾಕಾದಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ದೇಶ ವಿಭಜನೆಯಾದ ಮೇಲೆ ಕಲ್ಕತ್ತೆಗೆ ಬಂದ ಬಸು, ಕೆಲಕಾಲ ವಿಮಾ ಕಂಪನಿಯಲ್ಲಿ ದುಡಿದು, ಮಹಲನೋಬಿಸ್ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟನ್ನು 1950ರಲ್ಲಿ ಸೇರಿದರು. ಅಲ್ಲಿ ಅವರ ಮಾರ್ಗದರ್ಶಕರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. ಗುರುವಿಗೆ ಮೂವತ್ತು, ಶಿಷ್ಯನಿಗೆ ಇಪ್ಪತ್ತಾರು. ಅದೇ ವರ್ಷ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಮಾದರಿ ಸಮೀಕ್ಷೆಯೇ ಆ ಸಂಸ್ಥೆಯ ಉಸಿರು. ಮುಂದೆ ಬಸು ಆ ಉಸಿರನ್ನೇ ಪ್ರಶ್ನಿಸಿದರು ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಪಿಎಚ್‌ಡಿ ಪ್ರಬಂಧ ಸಲ್ಲಿಸಿ 1953ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಅವರು ಬರ್ಕ್ಲಿಗೆ, ನೈಮನ್ ಬಳಿಗೇ ಹೋದರು. ಹಿಂದಿರುಗಿದಾಗ ಕಲ್ಕತ್ತೆಗೆ ಬಂದಿದ್ದವರು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್. ನೈಮನ್ ಮತ್ತು ಫಿಷರ್ ಹಾವು ಮುಂಗುಸಿ. ವಿಧಾನವೊಂದು ಮತ್ತೆ ಮತ್ತೆ ಬಳಸಿದಾಗ ಎಷ್ಟು ಸಲ ಸರಿಹೋಗುತ್ತದೆ ನೋಡಿ ಎಂದು ನೈಮನ್. ಈಗ ಕೈಯಲ್ಲಿರುವ ದತ್ತಾಂಶ ಏನು ಹೇಳುತ್ತದೆ ನೋಡಿ ಎಂದು ಫಿಷರ್. ಇಬ್ಬರ ಮಾತೂ ಬಸು ಅವರ ಕಿವಿಯಲ್ಲಿ ಹಸಿಯಾಗಿತ್ತು.

1955ರಲ್ಲಿ 'ಸಂಖ್ಯಾ' ಪತ್ರಿಕೆಯಲ್ಲಿ ಬಂದ ಚಿಕ್ಕ ಲೇಖನದಿಂದ 'ಬಸು ಪ್ರಮೇಯ' ಹುಟ್ಟಿತು. ನಾವು ಹುಡುಕುತ್ತಿರುವ ಅಜ್ಞಾತ ಸಂಖ್ಯೆಯ ಬಗ್ಗೆ ಇರುವ ಮಾಹಿತಿಯನ್ನೆಲ್ಲ ಒಂದಿಷ್ಟೂ ಕಸವಿಲ್ಲದೆ ಹೀರಿಕೊಂಡ ಅಳತೆಯೊಂದಿದ್ದರೆ, ಆ ಸಂಖ್ಯೆಯ ಬಗ್ಗೆ ತಾನಾಗಿ ಏನನ್ನೂ ಹೇಳದ ಅಳತೆಗೂ ಅದಕ್ಕೂ ಯಾವ ಸಂಬಂಧವೂ ಇರುವುದಿಲ್ಲ ಎನ್ನುತ್ತದೆ ಅದು. ಇವತ್ತಿಗೂ ಸಂಖ್ಯಾಶಾಸ್ತ್ರದ ಎಂಎಸ್ಸಿ ವಿದ್ಯಾರ್ಥಿಗೆ ಬಸು ಎಂದರೆ ಈ ಪ್ರಮೇಯವೇ. ಆದರೆ ಬಸು ಅವರನ್ನು ಕಾಡಿದ್ದು ಆ ಎರಡನೆಯ ಬಗೆಯ, ಏನನ್ನೂ ಹೇಳದ ಅಳತೆಗಳು. ಫಿಷರ್ ಅವುಗಳಿಗೆ ಬಹಳ ಬೆಲೆ ಕೊಟ್ಟಿದ್ದರು. ಒಂದೇ ಸಮಸ್ಯೆಯಲ್ಲಿ ಅಂಥವು ಹಲವು ಇರಬಹುದು, ಯಾವುದನ್ನು ಹಿಡಿಯಬೇಕೆಂದು ಫಿಷರ್ ವಿಧಾನ ಹೇಳುವುದಿಲ್ಲ ಎಂದು ಬಸು 1959 ಮತ್ತು 1964ರ ಲೇಖನಗಳಲ್ಲಿ ತೋರಿಸಿದರು.

ಸಮೀಕ್ಷೆಯ ಕಡೆ ಅವರ ಮೊದಲ ಹೆಜ್ಜೆ 1958ರದು, ಮತ್ತು ನನಗೆ ಬಹಳ ಇಷ್ಟವಾದದ್ದು. ಚೀಟಿ ಎತ್ತಿ ಮತ್ತೆ ಡಬ್ಬಿಗೆ ಹಾಕುತ್ತಾ ಹೋದರೆ ಒಂದೇ ಮನೆ ಎರಡು ಸಲ ಬರಬಹುದು. ರೂಢಿಯಲ್ಲಿ ಅದನ್ನು ಎರಡು ಸಲ ಎಣಿಸುತ್ತಿದ್ದರು. ಅದೇ ಬಾಗಿಲನ್ನು ಎರಡನೇ ಸಲ ತಟ್ಟಿದರೆ ಹೊಸದೇನು ತಿಳಿಯುತ್ತದೆ ಎಂದು ಬಸು ಕೇಳಿದರು. ಯಾವ ಕ್ರಮದಲ್ಲಿ ಬಂತು, ಎಷ್ಟು ಸಲ ಬಂತು ಎಂಬುದೆಲ್ಲ ಚೀಟಿಯ ಆಟ. ಯಾವ ಯಾವ ಮನೆ, ಅಲ್ಲಿ ಏನು ಕಂಡೆವು, ಅಷ್ಟೇ ಮಾಹಿತಿ. ಬೇರೆ ಬೇರೆ ಮನೆಗಳ ಸರಾಸರಿಯೇ ಮೇಲು ಎಂದು ಸಾಧಿಸಲು ಅವರಿಗೆ ನೆರವಾದದ್ದು, ಅಂದಾಜಿನಿಂದ ಅನಗತ್ಯ ಏರಿಳಿತ ತೆಗೆದು ಉತ್ತಮಪಡಿಸುವ ರಾವ್–ಬ್ಲ್ಯಾಕ್‌ವೆಲ್ ಪ್ರಮೇಯ, ಅಂದರೆ ಗುರುವಿನದೇ ಉಪಕರಣ.

ಇಲ್ಲಿಂದ ಮುಂದಿನ ಮೆಟ್ಟಿಲು ಕಡಿದಾಗಿತ್ತು. ಪುಣೆಯಲ್ಲಿ ಹುಟ್ಟಿ ಮುಂದೆ ವಾಟರ್ಲೂನಲ್ಲಿ ನೆಲೆಸಿದ ವಿ. ಪಿ. ಗೋಡಂಬೆ, ಸಮೀಕ್ಷೆಗೆ ಎಲ್ಲ ಸಂದರ್ಭದಲ್ಲೂ ಅತ್ಯುತ್ತಮವಾದ ಪಕ್ಷಪಾತರಹಿತ ರೇಖೀಯ ಅಂದಾಜು (ಕಂಡ ಅಳತೆಗಳನ್ನು ಗುಣಕಗಳಿಂದ ಗುಣಿಸಿ ಕೂಡಿಸಿ ಪಡೆಯುವಂಥದ್ದು) ಇರಲು ಸಾಧ್ಯವೇ ಇಲ್ಲ ಎಂದು 1955ರಲ್ಲೇ ತೋರಿಸಿದ್ದರು. 1962ರಲ್ಲಿ ಅಮೆರಿಕದ ಬರ್ನ್‌ಬಾಮ್, ದತ್ತಾಂಶದಲ್ಲಿರುವ ಸಾಕ್ಷ್ಯವೆಲ್ಲ ಲೈಕ್ಲಿಹುಡ್ ಎಂಬ ಒಂದೇ ಫಲನದಲ್ಲಿ (ಅಜ್ಞಾತ ಸಂಖ್ಯೆ ಇಷ್ಟಿದ್ದರೆ ಈ ದತ್ತಾಂಶ ಬರುವ ಸಂಭವ ಎಷ್ಟು ಎನ್ನುವ ಲೆಕ್ಕದಲ್ಲಿ) ಅಡಗಿದೆ ಎಂದು ವಾದಿಸಿದರು. ಬಸು ಇದನ್ನು ಸಮೀಕ್ಷೆಗೆ ಹಚ್ಚಿ ನೋಡಿದರು. ಸಿಕ್ಕ ಫಲಿತಾಂಶ ಭಯ ಹುಟ್ಟಿಸುವಂಥದ್ದು: ಕಂಡ ಮನೆಗಳ ಬಗ್ಗೆ ಎಲ್ಲವೂ ಗೊತ್ತು, ಕಾಣದ ಮನೆಗಳ ಬಗ್ಗೆ ಏನೂ ಗೊತ್ತಿಲ್ಲ. ಚೀಟಿಯ ಸಂಭವ ಎಷ್ಟಿತ್ತೆಂಬುದು ಈ ಕಂದಕ ದಾಟಿಸುವುದಿಲ್ಲ. ದಾಟಬೇಕಾದರೆ ಕಂಡದ್ದಕ್ಕೂ ಕಾಣದ್ದಕ್ಕೂ ನಂಟು ಬೇಕು, ಆ ನಂಟು ಸಮೀಕ್ಷೆಗೆ ಮೊದಲೇ ನಮಗಿದ್ದ ತಿಳಿವಳಿಕೆಯಿಂದ ಬರಬೇಕು. ಸರ್ಕಸ್ಸಿನಲ್ಲಿ ಅದು ಹಳೆಯ ಪಟ್ಟಿ, ಪಳಗಿಸುವವನ ಮಾತು.

ಮೊದಲಿನ ತಿಳಿವಳಿಕೆಯನ್ನು ಸಂಭವನೀಯತೆಯಾಗಿ ಬರೆದುಕೊಂಡು, ದತ್ತಾಂಶ ಬಂದ ಹಾಗೆ ತಿದ್ದುತ್ತಾ ಹೋಗುವುದು 1763ರಲ್ಲಿ ಅಚ್ಚಾದ ಥಾಮಸ್ ಬೇಯ್ಸ್ ಪ್ರಬಂಧದಿಂದ ಬಂದ ದಾರಿ. ಬಸು ಅದಕ್ಕೆ ತಕ್ಷಣ ಒಲಿಯಲಿಲ್ಲ. 1968ರ ಜನವರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಬೇಯ್ಸಿಯನ್ ಗೋಷ್ಠಿಯೊಂದಕ್ಕೆ ಮಾತನಾಡಲು ಕರೆ ಬಂತು. ಆ ಉಪನ್ಯಾಸಗಳಿಗೆ ಸಿದ್ಧತೆ ನಡೆಸುತ್ತಿದ್ದಾಗಲೇ, ನೈಮನ್ ಮತ್ತು ಫಿಷರ್ ಇಬ್ಬರ ಸಿದ್ಧಾಂತಗಳ ಒಳಬಿರುಕಿಗೆ ಪರಿಹಾರ ಇಲ್ಲಿದೆ ಎಂದು ತನಗೆ ಮನವರಿಕೆಯಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಆಗ ಅವರಿಗೆ 43 ವರ್ಷ. ತನ್ನ ಹೆಸರಿನ ಪ್ರಮೇಯ ಪಠ್ಯವಾಗಿರುವ ವಿದ್ವಾಂಸ, ನಡುವಯಸ್ಸಿನಲ್ಲಿ ಎದ್ದು ಬೇರೆ ಕಡೆ ನಡೆದದ್ದು ನನ್ನ ಮಟ್ಟಿಗೆ ಪ್ರಮೇಯಕ್ಕಿಂತ ದೊಡ್ಡದು.

ಬಸು ಹೇಳಿದ್ದೆಲ್ಲವನ್ನೂ ನಾನು ಒಪ್ಪುತ್ತೇನೆ ಎಂದಲ್ಲ. ಪಳಗಿಸುವವನು ತಪ್ಪು ಹೇಳಿದ್ದರೆ? ಸಾಂಬೋ ಈ ಮೂರು ವರ್ಷದಲ್ಲಿ ಕಾಯಿಲೆ ಬಿದ್ದು ಸೊರಗಿದ್ದರೆ? ಯಾರ ಮಾತನ್ನೂ ನಂಬಲಾಗದಾಗ ಚೀಟಿಯೇ ಗತಿ. ಸರ್ಕಾರಿ ಅಂಕಿ ಅಂಶಗಳ ಮೇಲೆ ಜನರಿಗಿರುವ ವಿಶ್ವಾಸಕ್ಕೂ ಅದೇ ಆಧಾರ. ಆದರೆ ಕೈಯಲ್ಲಿ ಪಟ್ಟಿಯಿದ್ದೂ ಅದನ್ನು ಮಡಚಿಟ್ಟು ಚೀಟಿಯನ್ನಷ್ಟೇ ಓದುವುದು ವಿವೇಕವಲ್ಲ. 2012ರ ಅಮೆರಿಕ ಅಧ್ಯಕ್ಷೀಯ ಚುನಾವಣೆಗೆ ಮೊದಲು ಸಂಖ್ಯಾಶಾಸ್ತ್ರಜ್ಞ ಆಂಡ್ರ್ಯೂ ಗೆಲ್ಮನ್ ಮತ್ತು ಸಂಗಡಿಗರು ಎಕ್ಸ್‌ಬಾಕ್ಸ್ ವಿಡಿಯೋ ಗೇಮ್ ಆಟಗಾರರನ್ನು ಮಾತಾಡಿಸಿದರು. ಯಾದೃಚ್ಛಿಕತೆ ಅಲ್ಲಿ ಹೆಸರಿಗೂ ಇಲ್ಲ: ಉತ್ತರಿಸಿದವರಲ್ಲಿ ನೂರಕ್ಕೆ 93 ಮಂದಿ ಗಂಡಸರು. ವಯಸ್ಸು, ಲಿಂಗ, ರಾಜ್ಯ, ಹಿಂದಿನ ಮತ ಮುಂತಾದ ಗೊತ್ತಿದ್ದ ಸಂಗತಿಗಳನ್ನು ಬೇಯ್ಸಿಯನ್ ಮಾದರಿಯಲ್ಲಿ ಹೆಣೆದಾಗ ಬಂದ ಅಂದಾಜು, ಪ್ರಮುಖ ಸಮೀಕ್ಷೆಗಳ ಸಾಲಿನಲ್ಲಿ ನಿಲ್ಲುವಷ್ಟು ಚೆನ್ನಾಗಿತ್ತು.

1975ರಿಂದ 1986ರವರೆಗೆ ಬಸು ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿ ಅವರ ಬಳಿ ಕಲಿತ ಕಾರ್ಲೋಸ್ ಪೆರೇರಾ ಅವರ ಚಿಂತನೆಯನ್ನು ಬ್ರೆಜಿಲ್‌ಗೆ ಒಯ್ದರು. ಬಿಡಿ ಲೇಖನಗಳನ್ನು ಜೆ. ಕೆ. ಘೋಷ್ 1988ರಲ್ಲಿ ಪುಸ್ತಕವಾಗಿ ತಂದರು. 2001ರಲ್ಲಿ ಬಸು ಕೋಲ್ಕತ್ತದಲ್ಲಿ ತೀರಿಕೊಂಡರು.

ಅವರ ಪ್ರಭಾವವನ್ನು ಅವರ ಲೇಖನಗಳಲ್ಲಿ ಮಾತ್ರ ಹುಡುಕಿದರೆ ಅರ್ಧ ಸಿಗುತ್ತದೆ. ಇನ್ನರ್ಧ ಇರುವುದು ಅವರಿಗೆ ಬಂದ ಉತ್ತರಗಳಲ್ಲಿ. 1980ರಲ್ಲಿ ಅವರು, ಪ್ರಯೋಗದಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿದ್ದನ್ನೇ ಲೆಕ್ಕಕ್ಕೆ ಆಧಾರವಾಗಿಸುವ ಫಿಷರ್ ಅವರ ಯಾದೃಚ್ಛೀಕರಣ ಪರೀಕ್ಷೆಯನ್ನು ಪ್ರಶ್ನಿಸಿ ಬರೆದಾಗ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ ಒಂದು ಪ್ರತಿಕ್ರಿಯೆ ಬರೆದರು. ಒಬ್ಬ ರೋಗಿಗೆ ಕೊಟ್ಟ ಔಷಧ ಇನ್ನೊಬ್ಬನ ಫಲಿತಾಂಶವನ್ನು ಬದಲಿಸಬಾರದು, ಔಷಧಕ್ಕೆ ಗುಪ್ತ ಬಗೆಗಳಿರಬಾರದು ಎಂಬ ಊಹೆಗೆ 'ಸುಟ್ವಾ' (SUTVA) ಎಂಬ ಹೆಸರು ಬಂದದ್ದು ಆ ಕೆಲವೇ ಪುಟಗಳಲ್ಲಿ. ಕಾರ್ಯಕಾರಣ ಸಂಶೋಧನೆಯ ಮೊದಲ ಪಾಠಗಳಲ್ಲಿ ಈಗ ಅದೂ ಒಂದು.

ಆನೆಗಳ ಪ್ರಬಂಧಕ್ಕೂ 1971ರ ಅದೇ ಸಂಪುಟದಲ್ಲಿ ಉತ್ತರ ಬಂತು, ಚೆಕ್ ಸಂಖ್ಯಾಶಾಸ್ತ್ರಜ್ಞ ಯಾರೊಸ್ಲಾವ್ ಹಾಯೆಕ್ ಅವರಿಂದ. ಗುಣಿಸಿದ ತೂಕವನ್ನು ಹಾಗೇ ಬಿಡಬೇಡಿ, ಗುಣಕಗಳ ಮೊತ್ತದಿಂದ ಭಾಗಿಸಿ ಸರಾಸರಿ ಮಾಡಿಕೊಳ್ಳಿ, ಆಮೇಲೆ ಒಟ್ಟು ಸಂಖ್ಯೆಯಿಂದ ಗುಣಿಸಿ ಎಂದರು ಅವರು. ಔಷಧಗಳ ಪರಿಣಾಮ ಅಳೆಯುವವರೂ ಸಮೀಕ್ಷೆ ಮಾಡುವವರೂ ಇಂದು ದಿನನಿತ್ಯ ಬಳಸುವ ಹಾಯೆಕ್ ಅಂದಾಜು ಇದೇ. ಇದನ್ನು ಸರ್ಕಸ್ಸಿಗೆ ಹಚ್ಚಿ ನೋಡಿ. ಸಾಂಬೋನ ತೂಕವನ್ನು 100/99ರಿಂದ ಗುಣಿಸಿ, 100/99ರಿಂದಲೇ ಭಾಗಿಸಿದಾಗ ಉಳಿಯುವುದು ಸಾಂಬೋನ ತೂಕವೇ. ಅದನ್ನು 50ರಿಂದ ಗುಣಿಸಿದರೆ ಎರಡು ಲಕ್ಷ ಕೆಜಿ. ಮಾಲೀಕ ಮೊದಲಿಗೇ ಹಾಕಿದ್ದ ಲೆಕ್ಕ.