"ನನ್ನ ಉದ್ದೇಶ ಅದಲ್ಲ" ಅಂದರೂ ಆಫೀಸಿನಲ್ಲಿ ನಂಬೋದಿಲ್ಲ, ಏನು ಮಾಡಲಿ?

ಪ್ರಶ್ನೆ: ಕೆಲಸದ ಜಾಗದಲ್ಲಿ ನಾನು ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ. ಸಹಾಯ ಮಾಡಲು ಹೋದರೆ ಮೂಗು ತೂರಿಸ್ತಾಳೆ ಅಂತಾರೆ, ಸುಮ್ಮನಿದ್ದರೆ ಜಂಬ ಅಂತಾರೆ. ಮೊನ್ನೆ ಮೀಟಿಂಗ್‌ನಲ್ಲಿ ಅರ್ಥವಾಗದ್ದಕ್ಕೆ ಒಂದು ಪ್ರಶ್ನೆ ಕೇಳಿದೆ. ಎಲ್ಲರ ಮುಂದೆ ಬೇಕಂತಲೇ ಸಿಕ್ಕಿಹಾಕಿಸಿದಳು ಅಂತ ಒಬ್ಬರು ಮುನಿಸಿಕೊಂಡಿದ್ದಾರೆ. ನನ್ನ ಉದ್ದೇಶ ಅದಲ್ಲ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ. ಏನು ಮಾಡಲಿ?

ಈ ಪ್ರಶ್ನೆ ನೂರು ರೂಪದಲ್ಲಿ ಬರುತ್ತದೆ. ಒಂದು ಮಾತು ಮಾತ್ರ ಎಲ್ಲದರಲ್ಲೂ ಇರುತ್ತದೆ: ನನ್ನ ಉದ್ದೇಶ ಅದಲ್ಲ. ನಿಮ್ಮನ್ನು ನಂಬುತ್ತೇನೆ. ಆದರೆ ಮನಸ್ತಾಪ ಆದ ಮೇಲೆ ಹೇಳಿದರೆ ಆ ಮಾತು ನೆಪದ ಹಾಗೆ ಕೇಳಿಸುತ್ತದೆ. ನಾಲ್ಕು ಸಲ ಹೇಳಿದರಂತೂ ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಆಗುತ್ತದೆ, ಅಲ್ವಾ? ಹೇಳುವುದನ್ನು ಸದ್ಯಕ್ಕೆ ನಿಲ್ಲಿಸಿ. ಅವರಿಗೆ ಏನು ಕಾಣಿಸಿತು ಅಂತ ಮೊದಲು ಕೇಳಿ. ನನ್ನ ಉತ್ತರದ ಮುಕ್ಕಾಲು ಪಾಲು ಇದೇ.

ನನ್ನದೇ ಒಂದು ಕಥೆ ಇದೆ. ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು ತಿಂಗಳ ರಿಪೋರ್ಟ್ ಕಳಿಸಿದ್ದರು, ಮರುದಿನ ಬೆಳಿಗ್ಗೆ ಅದನ್ನು ಮೇಲಿನವರ ಮುಂದೆ ತೋರಿಸಬೇಕಿತ್ತು. ರಾತ್ರಿ ಹನ್ನೊಂದೂವರೆಗೆ ಶೀಟ್ ತೆರೆದು ನೋಡಿದರೆ ಮೊತ್ತ ತಾಳೆಯಾಗುತ್ತಿಲ್ಲ. ಕೊನೆಯಲ್ಲಿ ಸೇರಿಸಿದ ಎರಡು ಸಾಲು ಫಾರ್ಮುಲಾದೊಳಗೆ ಬಂದೇ ಇರಲಿಲ್ಲ. ಪಾಪ, ಈ ಹೊತ್ತಲ್ಲಿ ಅವರನ್ನ ಯಾಕೆ ಎಬ್ಬಿಸೋದು ಅಂತ ನಾನೇ ಸರಿ ಮಾಡಿ, ಅದೇ ಮೇಲ್‌ಗೆ ರಿಪ್ಲೈ ಆಲ್ ಒತ್ತಿ, "ಎರಡು ಸಾಲು ಬಿಟ್ಟುಹೋಗಿತ್ತು, ಸರಿ ಮಾಡಿದ್ದೇನೆ" ಅಂತ ಬರೆದು ಮಲಗಿದೆ. ದೊಡ್ಡ ಉಪಕಾರ ಮಾಡಿದ ಸಮಾಧಾನ ಬೇರೆ. ಬೆಳಿಗ್ಗೆ ಅವರು ತಲೆ ಎತ್ತದೆ "ಥ್ಯಾಂಕ್ಸ್" ಅಂದರು. ಆಮೇಲೆ ಮೂರು ವಾರ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ನನಗೂ ಸಿಟ್ಟು ಬಂತು, ಒಳ್ಳೇದು ಮಾಡಿದ್ದಕ್ಕೆ ಇದೇನಾ ಅಂತ.

ಕೊನೆಗೆ ತಡೆಯಲಾರದೆ ಕೇಳಿದೆ: "ಮೇಡಂ, ಅವತ್ತಿನ ಮೇಲ್ ನೋಡಿ ಬೇಜಾರಾಯ್ತಾ?"

"ನಾನು ಎದ್ದೇ ಇದ್ದೆ" ಅಂದರು. "ಒಂದು ಫೋನ್ ಮಾಡಿದ್ರೆ ಆಗ್ತಿತ್ತು. ಮ್ಯಾನೇಜರ್‌ಗೂ ಯಾಕೆ ಕಳಿಸಿದ್ರಿ?"

ಬೇಕಂತ ಕಳಿಸಿರಲಿಲ್ಲ. ಮ್ಯಾನೇಜರ್ ಹೆಸರು ಆ ಮೇಲ್‌ನಲ್ಲಿ ಮೊದಲೇ ಇತ್ತು, ಮೇಲಿನ ಸಾಲಿನಲ್ಲಿ ಯಾರ್ಯಾರಿದ್ದಾರೆ ಅಂತ ನಾನು ಕಣ್ಣೆತ್ತಿ ನೋಡಿರಲಿಲ್ಲ. ಅವರು ಮೊದಲು ನೋಡಿದ್ದೇ ಆ ಸಾಲು. ಪಾಪ ಅಂದುಕೊಂಡಿದ್ದು ನನ್ನ ತಲೆಯೊಳಗೇ ಉಳಿಯಿತು. ಸ್ಕ್ರೀನ್ ಮೇಲೆ ಇದ್ದದ್ದು ಅವರ ತಪ್ಪು, ನನ್ನ ಹೆಸರು, ಬಾಸ್ ಹೆಸರು, ಅಷ್ಟೇ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಓದುತ್ತಿದ್ದೆ.

1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವ ಸಂಶೋಧಕಿ ಇದಕ್ಕೆ ಸರಿಯಾಗಿ ಹೊಂದುವ ಒಂದು ಪ್ರಯೋಗ ಮಾಡಿದ್ದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಬೆರಳಿಂದ ಮೇಜಿನ ಮೇಲೆ ಬಡಿಯಬೇಕು, ಎದುರಿಗಿದ್ದವರು ಹಾಡು ಯಾವುದು ಅಂತ ಹೇಳಬೇಕು. ಅರ್ಧದಷ್ಟಾದರೂ ಹೇಳುತ್ತಾರೆ ಅಂತ ಬಡಿದವರು ಅಂದುಕೊಂಡಿದ್ದರು. ಒಟ್ಟು 120 ಹಾಡುಗಳಲ್ಲಿ ಕೇಳುಗರಿಗೆ ಸಿಕ್ಕಿದ್ದು 3. ಬಡಿಯುವವರ ತಲೆಯಲ್ಲಿ ಇಡೀ ಹಾಡು ಓಡುತ್ತಿರುತ್ತದೆ, ಇವರಿಗೆ ಕೇಳಿಸುವುದು ಟಕ್ ಟಕ್. ನಾನು ರಾತ್ರಿ ಕಳಿಸಿದ ಮೇಲ್ ಅಂಥ ಟಕ್ ಟಕ್.

ಬರಹದಲ್ಲಿ ಇದು ಇನ್ನೂ ಜಾಸ್ತಿ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು ಕೆಲವರಿಂದ ಕೆಲವು ವಾಕ್ಯಗಳನ್ನು ಮೇಲ್‌ನಲ್ಲೂ ದನಿಯಲ್ಲೂ ಬೇರೆಯವರಿಗೆ ಕಳಿಸಿಸಿ, ಇದು ವ್ಯಂಗ್ಯವೋ ನಿಜಕ್ಕೂ ಹೇಳಿದ್ದೋ ಅಂತ ಅವರನ್ನು ಕೇಳಿದರು. ಮೇಲ್ ಆದರೂ ನೂರಕ್ಕೆ 78 ಸಲ ಸರಿಯಾಗಿ ಅರ್ಥವಾಗುತ್ತದೆ ಅಂತ ಕಳಿಸಿದವರ ಲೆಕ್ಕ. ಅರ್ಥವಾಗಿದ್ದು 56 ಸಲ. ನಾಣ್ಯ ಚಿಮ್ಮಿ ಹೇಳಿದರೂ 50 ಸಿಗುತ್ತಿತ್ತು. ದನಿ ಕೇಳಿದವರು 73ರ ಹತ್ತಿರ ಬಂದರು. ಅದಕ್ಕೇ ನನ್ನದೊಂದು ನಿಯಮ: ಚಾಟ್‌ನಲ್ಲಿ ಎರಡು ಸಲ ಮಾತು ಬಿಗಿಯಾದರೆ ಮೂರನೆಯದನ್ನು ಟೈಪ್ ಮಾಡುವುದಿಲ್ಲ, ಫೋನ್ ಮಾಡುತ್ತೇನೆ ಅಥವಾ ಎದ್ದು ಹೋಗಿ ಮಾತಾಡುತ್ತೇನೆ. (ನೀವು ಮೇಲಿನ ಸ್ಥಾನದಲ್ಲಿದ್ದರೆ ದಯವಿಟ್ಟು "ಬಂದು ನೋಡಿ" ಅಂತ ಎರಡೇ ಪದ ಕಳಿಸಬೇಡಿ. ಯಾವ ವಿಷಯಕ್ಕೆ ಅಂತ ಇನ್ನೆರಡು ಪದ ಸೇರಿಸಿ. ಆ ಕಡೆ ಇರುವವರಿಗೆ ಅಲ್ಲಿಗೆ ಬರುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತಿರುತ್ತದೆ.)

ಇನ್ನೊಂದು ವಿಷಯ, ಇದು ಸ್ವಲ್ಪ ಕಹಿ. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಅನ್ನುವ ಸಂಶೋಧಕರು ಕೆಲವರಿಗೆ ಕ್ಯೂಬಾದ ನಾಯಕ ಕ್ಯಾಸ್ಟ್ರೋ ಪರ ಅಥವಾ ವಿರುದ್ಧ ಬರೆದ ಪ್ರಬಂಧ ಓದಿಸಿದರು. ಪರವೋ ವಿರುದ್ಧವೋ ಅನ್ನುವುದನ್ನು ಬರೆದವರು ಆರಿಸಿದ್ದಲ್ಲ, ಅವರಿಗೆ ಹಾಗೆ ಬರೆಯಲು ಹೇಳಿದ್ದು ಅಂತ ತಿಳಿಸಿದ ಮೇಲೂ ಓದಿದವರು ಪ್ರಬಂಧದಲ್ಲಿ ಇದ್ದದ್ದೇ ಅವರ ಸ್ವಂತ ಅಭಿಪ್ರಾಯ ಅನ್ನುವ ಕಡೆಗೇ ವಾಲಿದರು. ಬೇರೆಯವರ ನಡತೆಗೆ ಅವರ ಸ್ವಭಾವವೇ ಕಾರಣ ಅಂದುಕೊಳ್ಳುತ್ತೇವೆ, ನಮ್ಮ ನಡತೆಗೆ ಮಾತ್ರ ಪರಿಸ್ಥಿತಿ. ಸರಿ, ಅವರು ನಿಮಗೆ ಹೀಗೆ ಮಾಡಿದರು. ನೀವು? "ಅವರು ಬೇಕಂತಲೇ ತಪ್ಪು ತಿಳ್ಕೋತಾರೆ" ಅಂತ ನೀವು ಅಂದುಕೊಂಡಿದ್ದರೆ, ಅವರ ಉದ್ದೇಶವನ್ನು ನೀವೂ ಊಹಿಸಿದ ಹಾಗಾಯಿತು. ನಾನೂ ಮೂರು ವಾರ ಅದನ್ನೇ ಮಾಡಿದ್ದು.

ಈಗ ನಿಮ್ಮ ಮೀಟಿಂಗ್ ವಿಷಯ. ಅವರೊಬ್ಬರೇ ಇದ್ದಾಗ ಹೋಗಿ, ಆ ಒಂದು ಘಟನೆ ಮಾತ್ರ ಎತ್ತಿ. "ನೀವು ಯಾವಾಗಲೂ ನನ್ನನ್ನ ತಪ್ಪು ತಿಳ್ಕೋತೀರಿ" ಅಂದರೆ ಅಲ್ಲೇ ಜಗಳ. "ಮೊನ್ನೆ ನಾನು ಆ ಪ್ರಶ್ನೆ ಕೇಳಿದಾಗ ನಿಮಗೆ ಏನನ್ನಿಸ್ತು?" ಅಂತ ಕೇಳಿ ಬಾಯಿ ಮುಚ್ಚಿಕೊಳ್ಳಿ. ಉತ್ತರ ಬರುವಾಗ ನಾಲಿಗೆ ತುದಿಗೆ "ಆದರೆ" ಬಂದು ಕೂತಿರುತ್ತದೆ, ಅದನ್ನು ನುಂಗಿಕೊಳ್ಳಿ. ಅವರು ಹೇಳಿ ಮುಗಿಸಿದ ಮೇಲೆ "ನಿಮಗೆ ಹಾಗನ್ನಿಸಿದ್ದರೆ ಸಾರಿ" ಅನ್ನಬೇಡಿ. ತಪ್ಪು ಅವರಿಗೆ ಅನ್ನಿಸಿದ್ದರಲ್ಲೇ ಇದೆ ಅಂದ ಹಾಗೆ ಆಗುತ್ತದೆ. ನೀವು ಮಾಡಿದ್ದನ್ನು ಹೆಸರಿಟ್ಟು ಹೇಳಿ: "ಎಲ್ಲರ ಮುಂದೆ ಕೇಳಬಾರದಿತ್ತು. ನನಗೆ ಆ ಲೆಕ್ಕ ನಿಜವಾಗ್ಲೂ ಅರ್ಥ ಆಗಿರಲಿಲ್ಲ. ಮುಂದಿನ ಸಲ ಮೀಟಿಂಗ್‌ಗೆ ಮೊದಲೇ ನಿಮ್ಮ ಹತ್ತಿರ ಕೇಳ್ತೀನಿ." ಉದ್ದೇಶ ಇದರೊಳಗೂ ಇದೆ ನೋಡಿ, ಆದರೆ ನಡುವಿನಲ್ಲಿ ಒಂದೇ ಸಾಲಾಗಿ.

ಆಮೇಲೆ ಹೇಳಿದ ಹಾಗೆ ಮಾಡಿ. ಮುಂದಿನ ಮೀಟಿಂಗ್‌ಗೆ ಮೊದಲು ಪ್ರಶ್ನೆ ಕಳಿಸಿ. ಅಲ್ಲೇ ಹೊಳೆದ ಪ್ರಶ್ನೆಯಾದರೆ ಉದ್ದೇಶವನ್ನು ಮುಂದೆ ಇಡಿ: "ತಪ್ಪು ಹುಡುಕೋಕಲ್ಲ, ನನ್ನ ಭಾಗ ಇದರ ಮೇಲೆ ನಿಂತಿದೆ, ಅದಕ್ಕೆ ಕೇಳ್ತಿದ್ದೀನಿ." ಮಾತಿಗೆ ಮೊದಲು ಬಂದ ಉದ್ದೇಶವನ್ನು ಜನ ಒಪ್ಪುತ್ತಾರೆ, ಜಗಳದ ನಂತರ ಬಂದದ್ದನ್ನು ಅಷ್ಟಾಗಿ ಒಪ್ಪುವುದಿಲ್ಲ. ಆದರೆ ಎಲ್ಲ ವಾಕ್ಯಕ್ಕೂ ಈ ಪೀಠಿಕೆ ಹಾಕಬೇಡಿ, ಆಗ ನಿಜವಾಗಿಯೂ ಏನೋ ಮುಚ್ಚಿಡುತ್ತಿದ್ದೀರಿ ಅನ್ನಿಸುತ್ತದೆ. ಟೀಮ್‌ನ ಉಳಿದವರ ಹತ್ತಿರ ಹೋಗಿ ನಿಮ್ಮ ಪರ ಹೇಳಿಕೊಳ್ಳುವುದೂ ಬೇಡ. ಅದು ಸಂಜೆಯೊಳಗೆ ಅವರ ಕಿವಿಗೆ ಬೇರೆ ಬಣ್ಣದಲ್ಲಿ ಮುಟ್ಟುತ್ತದೆ.

ಎಲ್ಲವೂ ತಪ್ಪು ತಿಳಿವಳಿಕೆಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಬ್ಬರು ಹೇಳಿದರೆ ತಪ್ಪು ಅವರ ಕಣ್ಣಿನದು ಇರಬಹುದು. ಪರಸ್ಪರ ಸಂಬಂಧವಿಲ್ಲದ ಮೂವರು "ನೀವು ಮಾತು ತುಂಡರಿಸ್ತೀರಿ" ಅಂದರೆ, ನಿಮ್ಮ ಮನಸ್ಸು ಎಷ್ಟೇ ಚೆನ್ನಾಗಿರಲಿ, ನೀವು ಮಾತು ತುಂಡರಿಸುತ್ತೀರಿ. ಇನ್ನು ಮೈಕೈ ಮುಟ್ಟುವುದು, ರೂಪದ ಮೇಲೆ ತಮಾಷೆ ಇಂಥದ್ದಾದರೆ ಉದ್ದೇಶದ ಮಾತೇ ಬೇಡ. ಅವರು ಬೇಡ ಅಂದರೆ ನಿಲ್ಲಿಸಬೇಕು, ಅಷ್ಟೇ.

ಬೇಕಂತಲೇ ತಿರುಚುವವರೂ ಇದ್ದಾರೆ. ಗುರುತು ಹಿಡಿಯುವುದು ಕಷ್ಟವಲ್ಲ: ಕೇಳಿದರೆ ಏನು ಬೇಜಾರು ಅಂತ ಹೇಳುವುದಿಲ್ಲ, ನೀವು ತಿದ್ದಿಕೊಂಡರೆ ದೂರೂ ಬದಲಾಗುತ್ತದೆ, ನೀವಾಡಿದ ಮಾತು ಮೇಲಿನವರ ಹತ್ತಿರ ಅರ್ಧಕ್ಕೇ ತಲುಪುತ್ತದೆ. ಇವರ ಜೊತೆ ಮನಸ್ಸು ಬಿಚ್ಚಿ ಮಾತಾಡಿ ಪ್ರಯೋಜನವಿಲ್ಲ. ಮಾತಾಡಿ ಬಂದ ಮೇಲೆ "ಈಗ ಒಪ್ಪಿಕೊಂಡದ್ದು ಇದು" ಅಂತ ಎರಡು ಸಾಲಿನ ಮೇಲ್ ಹಾಕಿ, ತಾರೀಕು ಬರೆದಿಡಿ, ಮುಖ್ಯ ಮಾತಿಗೆ ಮೂರನೆಯವರು ಇರಲಿ. ಮ್ಯಾನೇಜರ್ ಹತ್ತಿರ ಹೋಗುವುದಾದರೆ ಅವರ ಗುಣದ ಬಗ್ಗೆ ಹೇಳದೆ ಯಾವ ದಿನ ಏನಾಯಿತು, ಕೆಲಸಕ್ಕೆ ಏನು ತೊಂದರೆಯಾಯಿತು ಅಂತ ಮಾತ್ರ ಹೇಳಿ.

ನಿಮ್ಮ ಸಹೋದ್ಯೋಗಿ ಆ ಥರದವರು ಅಂತ ನನಗೆ ಅನ್ನಿಸುತ್ತಿಲ್ಲ. ಬೇಕಂತ ತಿರುಚುವವರು ಹೀಗೆ ಬಹಿರಂಗವಾಗಿ ಮುನಿಸಿಕೊಳ್ಳುವುದು ಕಡಿಮೆ. ನೀವು ಕೇಳಿದಾಗ ಅವರು "ಏನಿಲ್ಲ ಬಿಡಿ" ಅನ್ನಬಹುದು. ಹಾಗಂದರೆ ಬೆನ್ನು ಹತ್ತಬೇಡಿ, "ಸರಿ, ಹೇಳಬೇಕು ಅನ್ನಿಸಿದಾಗ ಹೇಳಿ" ಅಂದು ವಾಪಸ್ ಬನ್ನಿ. ಮುಂದಿನ ಮೀಟಿಂಗ್‌ಗೆ ಪ್ರಶ್ನೆಯನ್ನು ಮಾತ್ರ ಹಿಂದಿನ ದಿನವೇ ಅವರಿಗೆ ಕಳಿಸಿಬಿಡಿ, ಅವರೊಬ್ಬರಿಗೇ.